ಚಿಗವ್ವನ ಕತೆ ಓದಿದ ದಿನ

ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ಕುಷ್ಟಗಿಯ ಗಂಡುಹುಡುಗರು ಸಾಲೆಯಲ್ಲಿ ಉರ್ದು ಕಲಿಯುತ್ತಿದ್ದರು. ಹುಡುಗಿಯರಾದ ನಮಗೆ ಅದೂ ಇರಲಿಲ್ಲ. ನನಗೆ ಕನ್ನಡ ಅಕ್ಷರ ತಿದ್ದಿಸಿದವಳು ಕಾಕಾನ ಹೆಂಡತಿ, ನಮ್ಮ ಚಿಗವ್ವ. ಪರಾತದಲ್ಲಿ ಜೋಳದ ಹಿಟ್ಟು ಹರವಿ ನನ್ನ ಬೆರಳು ಹಿಡಿದು ಬರೆಸುತ್ತಿದ್ದಳು. ಕಲಿಸಿದವನು ಕಾಕಾ ಎಂದೇ ಮನೆಯವರೆಲ್ಲ ನಂಬಿದ್ದರು. ಒಂಬತ್ತು ವರ್ಷಕ್ಕೆ ನಾನು ಸರಸರ ಓದುತ್ತಿದ್ದೆ. ಜಂಬವೂ ಸ್ವಲ್ಪ ಹೆಚ್ಚೇ ಇತ್ತು.

ಜೋಳದ ಚೀಲಗಳ ಹಿಂದೆ ಹಳೇ ಸೀರೆಯಲ್ಲಿ ಸುತ್ತಿಟ್ಟ ಮೂರು ವಹಿಗಳಿದ್ದವು. ಚಿಗವ್ವ ಅವುಗಳಲ್ಲಿ ಕತೆ ಬರೆಯುತ್ತಾಳೆಂದು ಗೊತ್ತಿದ್ದುದು ಕಾಕಾನಿಗೆ ಮತ್ತು ನನಗೆ ಮಾತ್ರ. ಒಂದು ಕತೆಯನ್ನು ಕಾಕಾ ಧಾರವಾಡದ ಮಾಸಪತ್ರಿಕೆಗೆ ಕಳಿಸಿದ್ದ. ಬರೆದವರ ಹೆಸರಿನ ಜಾಗದಲ್ಲಿ ‘ಒಬ್ಬ ಸೊಸೆ’ ಎಂದಷ್ಟೇ ಹಾಕಿದ್ದರು.

ಅದು ಅಚ್ಚಾಗಿ ಟಪಾಲಿನಲ್ಲಿ ಬಂದ ದಿನ ಕಾಕಾ ತಾವರಗೇರಾ ಸಂತೆಗೆ ಹೋಗಿದ್ದ. ಅಜ್ಜ ಊರ ಹಿರಿಯರೊಂದಿಗೆ ಕಟ್ಟೆಯ ಮೇಲೆ ಕೂತಿದ್ದ. ಏನು ಬರೆದಿದ್ದಾರೆ ಓದು ಎಂದು ಪುಸ್ತಕ ನನ್ನ ಕೈಗೆ ಕೊಟ್ಟ. ನಾನು ಚಿಗವ್ವನ ಕತೆಯನ್ನೇ ತೆಗೆದು ಓದಿದೆ. ಕತೆಯಲ್ಲಿ ಒಬ್ಬ ಮಾವ. ಬಾಗಿಲಲ್ಲಿ ಅವನು ಕೆಮ್ಮಿದರೆ ಸಾಕು, ಒಳಗಿನ ಹೆಂಗಸರು ಬಾಯಲ್ಲಿದ್ದ ರೊಟ್ಟಿಯನ್ನು ಅಗಿಯದೆ ನುಂಗುತ್ತಾರೆ. ಹಿರಿಯರು ನಕ್ಕರು. ಇದು ಯಾರ ಮನೆಯ ಸುದ್ದಿಯೋ ಎಂದು ಒಬ್ಬರು ಕೇಳಿದರು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತುಹೋಯಿತು. ಆಗಲಾದರೂ ನಾನು ಬಾಯಿ ಮುಚ್ಚಬೇಕಿತ್ತು.

“ನಮ್ಮ ಚಿಗವ್ವ ಬರದಾಳ್ರಿ,” ಎಂದೆ.

ಹಿರಿಯರು ಶಲ್ಯ ಕೊಡವಿಕೊಂಡು ಒಬ್ಬೊಬ್ಬರೇ ಎದ್ದು ಹೋದರು. ಅಜ್ಜ ಒಳಗೆ ಬಂದ. ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

“ಬರದದ್ದೆಲ್ಲಾ ತಂದು ಹಾಕು. ಇಲ್ಲಂದ್ರ ನಾಳೆ ತವರಮನಿ ಗಾಡಿ ಹತ್ತು. ಕೂಸು ಇಲ್ಲೇ ಇರತೈತಿ.”

ಕೂಸಿಗೆ ಆಗ ಆರು ತಿಂಗಳು. ಚಿಗವ್ವ ಹೋಗಿ ಮೂರೂ ವಹಿ ತಂದಳು.

ನಮ್ಮ ಕಡೆ ರದ್ದಿ ಕಾಗದವನ್ನು ನೀರಲ್ಲಿ ನೆನೆಹಾಕಿ, ಮೆಂತ್ಯ ಸೇರಿಸಿ ಒರಳಲ್ಲಿ ಕುಟ್ಟಿ, ಬೋರಲು ಹಾಕಿದ ಗಡಿಗೆಗೆ ಮೆತ್ತಿ ಬುಟ್ಟಿ ಮಾಡುತ್ತಾರೆ. ಹಿತ್ತಲಲ್ಲಿ ಅಜ್ಜಿ ಅಂದು ಅದಕ್ಕೇ ಕಾಗದ ನೆನೆಹಾಕಿದ್ದಳು. ಆ ಪಾತ್ರೆಯನ್ನೇ ತೋರಿಸಿದಳು. ಚಿಗವ್ವ ಹಾಳೆಗಳನ್ನು ತಾನೇ ಹರಿದು ಹಾಕಿದಳು, ಅಚ್ಚಾದ ಕತೆಯನ್ನೂ. ನೆನೆದ ಮೇಲೆ ತಾನೇ ಕುಟ್ಟಿದಳು. ಮಸಿ ಬಿಟ್ಟ ನೀರು ನೀಲಿಯಾಗಿತ್ತು. ನಾನು ಬಿಕ್ಕಿ ಬಿಕ್ಕಿ ಅಳುತ್ತ ತಪ್ಪಾಯಿತೆಂದೆ. ಅವಳು ತಲೆ ಎತ್ತಲಿಲ್ಲ.

“ನೀ ಛಲೋ ಓದಿದಿ, ಮಗಳ. ಎಲ್ಲೂ ತಡವರಿಸಲಿಲ್ಲ,” ಎಂದಳು.

ಬೈದಿದ್ದರೆ ಇಷ್ಟು ವರ್ಷ ಸಂಕಟಪಡುತ್ತಿರಲಿಲ್ಲವೇನೋ. ಆ ಬುಟ್ಟಿಯಲ್ಲಿ ಬಹಳ ಕಾಲ ಒಣಮೆಣಸಿನಕಾಯಿ ತುಂಬಿಡುತ್ತಿದ್ದೆವು. ಆಮೇಲೆ ಚಿಗವ್ವ ಏನನ್ನೂ ಬರೆಯಲಿಲ್ಲ. ವಹಿಗಳಲ್ಲಿದ್ದ ಉಳಿದ ಕತೆಗಳು ಯಾವುವೆಂದು ಈಗ ಹೇಳುವವರಿಲ್ಲ. ಈಗಿನ ಹೆಣ್ಣುಮಕ್ಕಳು ತಮ್ಮ ಹೆಸರಲ್ಲೇ ಬರೆಯುವುದನ್ನು ಕಂಡಾಗ ಸಂತೋಷವಾಗುತ್ತದೆ, ಹೊಟ್ಟೆಯೂ ಉರಿಯುತ್ತದೆ.

ಕಾಕಾ ತೀರಿಕೊಂಡ ಮೇಲೆ ಮನೆಯನ್ನು ಅವಳ ಹೆಸರಿಗೆ ಮಾಡಿಸಲು ನಾನೇ ಕಚೇರಿಗೆ ಕರೆದೊಯ್ದೆ. ಸಹಿ ಬರುತ್ತದೆಯೇ ಎಂದು ಗುಮಾಸ್ತ ಕೇಳಿದ. ಚಿಗವ್ವ ಎಡಗೈ ಹೆಬ್ಬೆಟ್ಟು ಮುಂದೆ ಮಾಡಿದಳು. ಅವಳಿಗೆ ಬರೆಯಲು ಬರುತ್ತದೆಂದು ಬಲ್ಲವಳು ಅಲ್ಲಿ ನಾನೊಬ್ಬಳೇ. ನಾನು ಬಾಯಿ ಬಿಡಲಿಲ್ಲ.