ಒಂದೂ ನಲವತ್ತರ ಉಸಿರು

ಸವಿತಾ, ನೀನು ಫೋನಿನಲ್ಲಿ ಕೇಳುತ್ತಿದ್ದ ಆ ಉಸಿರು ನಿನ್ನ ಮಗಳದಲ್ಲ. ನನ್ನದು.

ಬರೆದುಬಿಟ್ಟೆ. ಹನ್ನೆರಡು ವರ್ಷ ಬಾಯಿಯ ತನಕ ಬಂದು ಹಿಂದಕ್ಕೆ ಹೋದ ಮಾತು ಇದು. ಈಗ ಇದರ ಹಿಂದಿನದನ್ನೂ ಬರೆಯುತ್ತೇನೆ. ನಿನಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ, ಬೇಸರ ಮಾಡಿಕೊಳ್ಳಬೇಡ. ಮೊದಲಿನಿಂದ ಹೇಳದಿದ್ದರೆ ನಡುವೆ ಎಲ್ಲಾದರೂ ನನಗೆ ಅನುಕೂಲವಾದದ್ದನ್ನು ಸೇರಿಸಿಬಿಟ್ಟೇನು ಎಂಬ ಭಯ ನನಗೆ.

ನಿನಗೆ ಮುದ್ದೇಬಿಹಾಳ ತಾಲ್ಲೂಕಿನ ಹಳ್ಳಿಯ ಶಾಲೆಗೆ ನೌಕರಿ ಆದಾಗ ಗೌರಿಗೆ ಮೂರು ತುಂಬಿರಲಿಲ್ಲ. ನಿನ್ನ ಗಂಡ, ಅಂದರೆ ನನ್ನ ಮೈದುನ, ಸಿಂದಗಿಯ ಬೀಜದ ಅಂಗಡಿಯಲ್ಲಿ. ನೀನು ಆ ಹಳ್ಳಿಯಲ್ಲಿ ಒಂದು ಕೋಣೆ ಹಿಡಿದೆ. ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಬಸ್ಸು ಬದಲಿಸುತ್ತ ಬದಲಿಸುತ್ತ ದೀಪ ಹಚ್ಚುವ ಹೊತ್ತಿಗೆ ಇಂಡಿಗೆ, ನಮ್ಮ ಮನೆಗೆ, ಬರುತ್ತಿದ್ದೆ; ರವಿವಾರ ಉಂಡ ಕೈ ಒಣಗುವುದರೊಳಗೆ ಮತ್ತೆ ಹೊರಡುತ್ತಿದ್ದೆ. ಕೂಸನ್ನು ಯಾರ ಹತ್ತಿರ ಬಿಡಬೇಕು ಎಂಬ ಮಾತೇ ಬರಲಿಲ್ಲ. ನನಗೆ ಮಕ್ಕಳಿರಲಿಲ್ಲ. ಮಡಿಲು ಖಾಲಿ ಇತ್ತು — ಎಲ್ಲರೂ ಹಾಗೆಯೇ ಎಂದುಕೊಂಡರು, ನಾನೂ.

ಹೊರಡುವ ಮುನ್ನ ನೀನು ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿದೆ. ಸ್ಕೇಲಿನಿಂದ ಗೆರೆ ಎಳೆದು, ಎರಡು ಬಣ್ಣದ ಶಾಯಿಯಲ್ಲಿ ಬರೆದ ವೇಳಾಪಟ್ಟಿ. ಶಾಲೆಯದಲ್ಲ, ನಿನ್ನದು. ಏಳುವುದು, ನೀರು ತರುವುದು, ಪಾಠದ ತಯಾರಿ, ತರಗತಿ, ವಹಿ ತಿದ್ದುವುದು, ಎಲ್ಲಕ್ಕೂ ಒಂದೊಂದು ಮನೆ. ನಾನು ನಕ್ಕಿದ್ದೆ.

“ಶಿವನ ಕಡೆ ಹೋಗೂದನ್ನ ಎಷ್ಟನೇ ತಾಸಿಗಿ ಹಾಕೀವಾ?”

“ಆ ತಾಸಿಗಿ ನಿಮ್ಮನ್ನ ಕಳಸ್ತೇನ್ರಿ ಅಕ್ಕಾ. ನನಗ ಪುರಸೊತ್ತಿಲ್ಲ.”

ಅದರಲ್ಲಿ ಒಂದು ಮನೆ ಮಾತ್ರ ಕೆಂಪು ಶಾಯಿಯದು. ಒಂದೂ ನಲವತ್ತು — ಗೌರಿ. ಮಕ್ಕಳಿಗೆ ಬಿಸಿಯೂಟ ಬಡಿಸಿ, ನಿನ್ನ ಎರಡು ರೊಟ್ಟಿ ನಿಂತುಕೊಂಡೇ ತಿಂದು, ಶಾಲೆಯ ಹಿಂದಿನ ಬೇವಿನ ಗಿಡದ ಕೆಳಗೆ ಹೋಗಿ ನಿಲ್ಲುತ್ತಿದ್ದೆ. ಆ ಊರಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಅಲ್ಲೊಂದೇ ಕಡೆ. ಮುಂದಿನ ಗಂಟೆ ಹೊಡೆಯುವ ತನಕ ಹತ್ತು ನಿಮಿಷ. ಇಡೀ ದಿನವನ್ನು ಅಷ್ಟು ಬಿಗಿಯಾಗಿ ಕಟ್ಟಿದ್ದು ಆ ಹತ್ತು ನಿಮಿಷ ಉಳಿಯಲಿ ಎಂದೇ. ಇದು ನನಗೆ ಗೊತ್ತಿತ್ತು, ಸವಿತಾ. ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಇದು.

ಮೊದಲ ಕೆಲವು ವಾರ ಕೂಸು ನಿನ್ನ ಜೊತೆ ಮಾತಾಡುತ್ತಿತ್ತು. ಫೋನ್ ಇಟ್ಟ ಮೇಲೆ ಅಳುತ್ತಿತ್ತು. “ಮಮ್ಮಿ ಬೇಕು” ಎಂದು ಬಾಗಿಲಿಗೆ ಹೋಗಿ ಕೂರುತ್ತಿತ್ತು. ನಾನು ಎತ್ತಿಕೊಂಡರೆ ಬೆನ್ನು ಬಿಲ್ಲಿನಂತೆ ಬಗ್ಗಿಸಿ ಜಾರಿಕೊಳ್ಳುತ್ತಿತ್ತು. ಮುಂಜಾನೆಯಿಂದ ಉಣಿಸಿ, ತೊಳೆದು, ತಲೆ ಬಾಚಿದ ಕೂಸು — ಹತ್ತು ನಿಮಿಷದ ದನಿಗೆ ನನ್ನ ಕೈಯಿಂದ ಜಾರುತ್ತಿತ್ತು. ಆ ಜಾರುವಿಕೆಯನ್ನು ನನ್ನಿಂದ ತಾಳಿಕೊಳ್ಳಲಾಗಲಿಲ್ಲ.

ಒಂದು ದಿನ ಅದು ನಿಜವಾಗಿಯೂ ಬೇಗ ಮಲಗಿತ್ತು. ಹಾಗೆಂದೆ. ನೀನು ಅಂದೆ: “ಎಬ್ಬಸಬ್ಯಾಡ್ರಿ ಅಕ್ಕಾ. ಫೋನ್ ಅಕಿ ಸನೇಕ ಹಿಡೀರಿ. ಉಸಿರಾಡೂದರ ಕೇಳ್ತೇನಿ.”

ಹಿಡಿದೆ. ನೀನು ಗಂಟೆ ಹೊಡೆಯುವ ತನಕ ಕೇಳಿದೆ.

ಮರುದಿನ ಫೋನ್ ಬಂದಾಗ ಗೌರಿ ಅಂಗಳದಲ್ಲಿ ನಿಂಬೆ ಗಿಡದ ಕೆಳಗೆ ಆಡುತ್ತಿದ್ದಳು. ಇವತ್ತೊಂದು ದಿನ ಅಳದಿರಲಿ ಎಂದು — ಇಲ್ಲ, ಅದು ನನಗೆ ನಾನೇ ಹೇಳಿಕೊಂಡದ್ದು — “ಮಲಗ್ಯಾಳವಾ” ಅಂದೆ. ನೀನು ಮತ್ತೆ ಅದನ್ನೇ ಕೇಳುತ್ತೀ ಎಂದು ನನಗೆ ಹೊಳೆದಿರಲಿಲ್ಲ. “ಸನೇಕ ಹಿಡೀರಿ ಅಕ್ಕಾ” ಅಂದೆ ನೀನು. ನಾನು ಅಂಗಳದ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದೆ. ಬರಿದಾದ ಹಾಸಿಗೆಯ ಮೇಲೆ ಕುಳಿತೆ. ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು, ಕೂಸು ಉಸಿರಾಡುವ ಹಾಗೆ ಸಣ್ಣಗೆ, ಎಳೆದು ಎಳೆದು, ಉಸಿರಾಡಿದೆ.

ಆ ಕಡೆಯಿಂದ ನೀನು ಬಹಳ ಹೊತ್ತಿನ ಮೇಲೆ ಅಂದೆ: “ಮೂಗ ಕಟ್ಟೈತೇನ್ರಿ? ಸ್ವಲ್ಪ ಜಡ ಕೇಳಸ್ತೈತಿ. ಓಂಕಾಳ ಹೊಗಿ ಹಾಕ್ರಿ.”

ಹಾಕುತ್ತೇನೆ ಅಂದೆ.

ಒಂದು ಸಲವಾದರೆ ಜಾರಿದೆ ಎನ್ನಬಹುದಿತ್ತು. ದೀಪಾವಳಿಯಿಂದ ಬೇಸಿಗೆ ರಜೆಯ ತನಕ ಮಾಡಿದೆ. ವಾರಕ್ಕೊಮ್ಮೆ ಮಾತಾಡಿಸುತ್ತಿದ್ದೆ, ಅನುಮಾನ ಬರದಿರಲೆಂದು. ನನ್ನ ಚಾಳಿ ನಿನಗೆ ಗೊತ್ತು — ದೀಪ ಹಚ್ಚುವಾಗ ಆ ದಿನ ಶಿವ ಕೊಟ್ಟದ್ದನ್ನೆಲ್ಲ ಎಣಿಸುತ್ತೇನೆ: ನಳಕ್ಕೆ ನೀರು ಬಂತು, ಮೊಣಕಾಲು ನೋಯಲಿಲ್ಲ, ರೊಟ್ಟಿ ಹರಿಯಲಿಲ್ಲ. ಆ ದಿನಗಳಲ್ಲಿ ಮೊದಲು ಎಣಿಸುತ್ತಿದ್ದದ್ದು, ಇವತ್ತು ಗೌರಿ ಮಮ್ಮಿಗಾಗಿ ಅಳಲಿಲ್ಲ. ಕದ್ದದ್ದನ್ನು ದೇವರ ಮುಂದೆ ಅವನೇ ಕೊಟ್ಟದ್ದೆಂದು ಎಣಿಸಿದೆ.

ಕೂಸು ಮರೆಯತೊಡಗಿತು. ಶನಿವಾರ ನೀನು ಬಂದರೆ ನನ್ನ ಸೆರಗಿನ ಹಿಂದೆ ಅಡಗುತ್ತಿತ್ತು. ನೀನು ನಗುತ್ತಿದ್ದೆ: “ನೋಡ್ರಿ, ಇನ್ಸ್‌ಪೆಕ್ಟರ್ ಬಂದಂಗ ಓಡ್ತಾಳ.” ನಕ್ಕು ಬಚ್ಚಲಿಗೆ ಹೋಗಿ ಮುಖ ತೊಳೆಯುತ್ತಿದ್ದೆ, ಬಹಳ ಹೊತ್ತು ತೊಳೆಯುತ್ತಿದ್ದೆ.

ಬಾಗೇವಾಡಿಯಲ್ಲಿ ನಿಮಗೆ ಎರಡು ದಿನದ ತರಬೇತಿ ಇತ್ತಲ್ಲ, ಶಾಲೆ ಮತ್ತು ಸಂಸಾರಕ್ಕೆ ಹೊತ್ತು ಹೊಂದಿಸುವ ಬಗ್ಗೆ. ಅದನ್ನು ಮುಗಿಸಿ ಬಂದ ಶನಿವಾರ ನನಗೆ ಬಸವಣ್ಣನ ಗುಡಿಯ ಪ್ರಸಾದ ತಂದಿದ್ದೆ. ಕೊಬ್ಬರಿ, ಸಕ್ಕರೆ. ನಾನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡೆ. ನೀನು ವಹಿ ತೆಗೆದು ಬರೆದುಕೊಂಡದ್ದನ್ನು ಓದಿದೆ. “ದಿನಾ ಹತ್ತು ಮಿನಿಟ ಕೂಸಿಗಂತ ತಗದ ಇಡ್ರಿ ಅಂದ್ರು. ನಾ ಇಟ್ಟೇನಲ್ರಿ ಅಕ್ಕಾ? ಮತ್ತ ಯಾಕ ಹಿಂಗ? ಖರೇ ಹೇಳ್ರಿ — ನಾ ಫೋನ್ ಮಾಡೂ ಹೊತ್ತ ತಪ್ಪೈತೇನು? ಬ್ಯಾರೆ ತಾಸಿಗಿ ಮಾಡ್ಲೇನು?”

ಬಾಯಲ್ಲಿ ಪ್ರಸಾದ ಇನ್ನೂ ಕರಗಿರಲಿಲ್ಲ. ಆಗಲೇ ಹೇಳಬೇಕಿತ್ತು. ನಾನು ಹೇಳಿದ್ದು —

“ಬಿಟ್ಟಬಿಡವಾ. ನಿನ್ನ ದನಿ ಕೇಳಿದ್ರ ಆಮ್ಯಾಲೆ ಅಳತೈತಿ. ಮರತು ಆರಾಮ ಇರ್ಲಿ ಕೂಸು.”

ನೀನು ನನ್ನ ಮಾತು ನಂಬಿದೆ. ಎದ್ದು ಹೋಗಿ ಬಾಗಿಲ ಹಿಂದಿನ ಹಾಳೆಯಲ್ಲಿ ಆ ಕೆಂಪು ಮನೆಗೆ ಬಿಳಿ ಶಾಯಿ ಬಳಿದೆ. ಒಣಗಿದ ಮೇಲೆ ಅದರ ಮೇಲೆ ಬರೆದೆ: ವಹಿ ತಿದ್ದುವುದು.

ಗೌರಿಗೆ ಐದಾದಾಗ ನಿನಗೆ ಸಿಂದಗಿ ಕಡೆ ವರ್ಗವಾಯಿತು. ಮೂವರೂ ಒಂದೇ ಸೂರಿನ ಕೆಳಗಾದಿರಿ. ನಿಮ್ಮ ಟೆಂಪೊ ಓಣಿ ದಾಟಿ ಹೋದ ಮೇಲೆ ಈ ಮನೆಯಲ್ಲಿ ಮಧ್ಯಾಹ್ನ ಎನ್ನುವುದು ಎಷ್ಟು ಉದ್ದ ಎಂದು ಗೊತ್ತಾಯಿತು. ನಿನ್ನ ಭಾವನವರು ಇಲ್ಲಿಯ ತಮ್ಮ ಅಂಗಡಿಯಲ್ಲೇ ಉಣ್ಣುತ್ತಾರೆ. ನಾನು ಒಬ್ಬಳೇ ಉಂಡು, ತಾಟು ತೊಳೆದು, ಗೋಡೆಗೆ ಒರಗುತ್ತೇನೆ. ಒಂದೂ ನಲವತ್ತಕ್ಕೆ ಯಾರೂ ಫೋನ್ ಮಾಡುವುದಿಲ್ಲ. ಆದರೂ ಆ ಹೊತ್ತಿಗೆ ಫೋನಿನ ಕಡೆ ಕಣ್ಣು ಹೋಗುತ್ತದೆ. ಪೂಜೆಗೆ ಕುಳಿತು ಅಂಗೈಯಲ್ಲಿ ಲಿಂಗ ಇಟ್ಟುಕೊಂಡರೆ ಮನೆಯ ಮೌನದಲ್ಲಿ ನನ್ನ ಉಸಿರು ನನಗೇ ಕೇಳುತ್ತದೆ. ಆಗ ಉಸಿರು ಬಿಗಿಹಿಡಿಯುತ್ತೇನೆ. ಎಷ್ಟು ಹೊತ್ತು ಹಿಡಿಯಲಾದೀತು?

ಅಷ್ಟರಲ್ಲೇ ಮುಚ್ಚಿಹೋಗುತ್ತದೆ ಎಂದುಕೊಂಡಿದ್ದೆ. ಈ ಸಲ ನಾಗರಪಂಚಮಿಗೆ ನೀವು ಬಂದಾಗ, ಉಂಡಿ ಕಟ್ಟುತ್ತ, ಗೌರಿ ನಿನಗೆ ಅಂದಳು — ಹತ್ತನೇ ಇಯತ್ತೆಯ ಹುಡುಗಿ, ಮಾತು ಚಾಕುವಿನಂತೆ: “ಸಾಲಿ ಹುಡುಗರ ಹೆಸರೆಲ್ಲಾ ನಿನ್ನ ಬಾಯಾಗ ಅದಾವ. ನಾ ಸಣ್ಣಾಕಿದ್ದಾಗ ಒಂದ ಫೋನರ ಮಾಡಿದ್ದೇನು? ನನ್ನ ನೋಡಿದಾಕಿ ದೊಡ್ಡವ್ವ ಒಬ್ಬಾಕಿನ.”

ನೀನು ಉಂಡಿಯನ್ನು ಅಂಗೈಯಲ್ಲಿ ತಿರುಗಿಸುತ್ತಲೇ ಅಂದೆ: “ಮಾಡ್ತಿದ್ನಿ. ನೀ ಮಲಗಿರ್ತಿದ್ದಿ. ನಿನ್ನ ಉಸಿರು ಕೇಳಿ ಇಡ್ತಿದ್ನಿ.”

“ಕತಿ ಚಲೋ ಕಟ್ತಿ, ಮಮ್ಮಿ” ಎಂದು ಅವಳು ನಕ್ಕಳು.

ನಾನು ಎಳ್ಳು ಹುರಿಯುತ್ತಿದ್ದೆ. ಹೊತ್ತಿಹೋಯಿತು. ನೀನೇ ಬಂದು ಒಲೆ ಸಣ್ಣ ಮಾಡಿ, “ದಣದೀರಿ ಅಕ್ಕಾ, ಸರೀರಿ” ಅಂದೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಬರುವ ರವಿವಾರ ಮುಂಜಾನೆಯ ಬಸ್ಸಿಗೆ ನಾನೇ ಸಿಂದಗಿಗೆ ತರುತ್ತೇನೆ. ಗೌರಿಯ ಕೈಗೆ ಕೊಟ್ಟು, ನಿನ್ನೆದುರು ಕೂರಿಸಿ, ಗಟ್ಟಿಯಾಗಿ ಓದು ಎನ್ನುತ್ತೇನೆ. ಆಮೇಲೆ ಅವಳು ನನ್ನನ್ನು ಏನೆಂದು ಕರೆಯುತ್ತಾಳೋ, ಕರೆಯುವುದೇ ಇಲ್ಲವೋ — ಅದನ್ನು ಕೇಳುವ ಹಕ್ಕು ನನಗಿಲ್ಲ. ಕ್ಷಮಿಸು ಎಂದೂ ಬರೆಯುವುದಿಲ್ಲ. ಬರೆದರೆ ನೀನು ಕ್ಷಮಿಸಿಬಿಡುತ್ತೀ, ನನಗೆ ಗೊತ್ತು.

ಗೌರಿ, ನೀನು ಇಲ್ಲಿಯ ತನಕ ಓದಿದ್ದರೆ ಇದನ್ನೂ ಓದು, ನಿನ್ನ ಮಮ್ಮಿಗೆ ಕೇಳಿಸುವ ಹಾಗೆ. ಆ ಮೊದಲ ಸುಳ್ಳಿನ ದಿನ ನೀನು ಮಲಗಿರಲಿಲ್ಲ. ನಿಂಬೆ ಗಿಡದ ಕೆಳಗೆ ಉದುರಿದ ಕಾಯಿಗಳನ್ನು ಸಾಲಾಗಿ ಕೂರಿಸಿ, ಕೈಯಲ್ಲಿ ಕಡ್ಡಿ ಹಿಡಿದು, “ಕೈ ಕಟ್ರಿ, ನಾ ಸವಿತಾ ಟೀಚರ್” ಎನ್ನುತ್ತಿದ್ದೆ. ಬಾಗಿಲು ಮುಂದೆ ಮಾಡಿದ್ದು ಆ ದನಿ ನಿನ್ನ ಮಮ್ಮಿಗೆ ಕೇಳಬಾರದೆಂದು.