ಮೊಣಕಾಲೆತ್ತರದ ಕಿಟಕಿಗಳು

ಮಾವಿನೆಲೆ ಕಿತ್ತಾಗ ತೊಟ್ಟಿನಿಂದ ಸೊನೆ ಒಸರುತ್ತದಲ್ಲ, ಅದರ ಘಾಟು ಬೆರಳಿಗೆ ಹತ್ತಿತೆಂದರೆ ಸೋಪು ಹಚ್ಚಿ ತೊಳೆದರೂ ಹೋಗುವುದಿಲ್ಲ. ಹೋದ ವಾರ ನಾಸಿಕದಲ್ಲಿ ಮಗಳ ಮನೆಯ ಬಾಗಿಲಿಗೆ ತೋರಣ ಕಟ್ಟುತ್ತ ಕೂತಿದ್ದೆ. ಅವತ್ತು ಮೊಮ್ಮಗಳ ತೊಟ್ಟಿಲ ಕಾರ್ಯ. ಮಗಳ ಮದುವೆಯಾಗಿ ಎಷ್ಟೋ ವರ್ಷಕ್ಕೆ ಹುಟ್ಟಿದ ಕೂಸು. ನನ್ನ ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿರಲಿಲ್ಲ. ಹಾಲಿನವನಿಗೂ ವಾಚ್‌ಮನ್‌ಗೂ ಕರೆಕರೆದು ಪೇಢೆ ಕೊಟ್ಟಿದ್ದೆ. ಆ ಖುಷಿಯ ನಡುವೆಯೇ ಬೆರಳಿನ ವಾಸನೆ ಮೂಗಿಗೆ ಬಡಿದು ಡೆನ್ಮಾರ್ಕಿನ ಸಾಹೇಬರು ನೆನಪಾದರು...

ನನ್ನ ಮಗಳು ಸೀರೆಯ ಜೋಳಿಗೆಯಲ್ಲಿ ಮಲಗುತ್ತಿದ್ದ ಕಾಲದ ಮಾತು. ಕಲಬುರಗಿ ಕಡೆಯಿಂದ ದುಡಿಯಲು ಹೋಗಿ ನಾವು ಚಿಕಲಠಾಣಾದಲ್ಲಿ ಒಂದು ಕಾರ್ಖಾನೆ ಕಟ್ಟುವ ಕೆಲಸಕ್ಕೆ ಸೇರಿದ್ದೆವು. ಚಿಕಲಠಾಣಾ ಇರುವ ಸಂಭಾಜಿನಗರಕ್ಕೆ ಆಗ ಔರಂಗಾಬಾದ್ ಎನ್ನುತ್ತಿದ್ದರು. ನಮ್ಮ ಮನೆಯವರು ಗೋಡೆ ಕಟ್ಟುವ ಗೌಂಡಿ, ನಾನು ಇಟ್ಟಂಗಿ ಹೊರುವವಳು. ಕಟ್ಟಡದ ನಕ್ಷೆ ಬರೆದವರು ಆ ಸಾಹೇಬರು. ಉದ್ದನೆಯ ಆಳು, ಬಿಸಿಲಿಗೆ ಸುಟ್ಟು ಕೆಂಪಾದ ಮೂಗು, ನಾಲ್ಕಾರು ಹಿಂದಿ ಮಾತು. ಅವರ ತಂದೆಯೂ ಗೌಂಡಿಯಂತೆ. ಸಾಹೇಬರು ಮೊದಲು ಕರಣಿ ಹಿಡಿದು ಗೋಡೆ ಕಟ್ಟುವುದನ್ನು ಕಲಿತು, ನಕ್ಷೆ ಬರೆಯುವುದನ್ನು ಆಮೇಲೆ ಕಲಿತವರು. ಅವರ ದೇಶದಲ್ಲಿ ಚಳಿಗಾಲ ಬಂತೆಂದರೆ ಮಧ್ಯಾಹ್ನದ ಚಹಾ ಹೊತ್ತಿಗೇ ಕತ್ತಲಾಗುತ್ತದಂತೆ. ಅದಕ್ಕೇ ಏನೋ, ಬೆಳಕು ಎಲ್ಲಿಂದ ಬರುತ್ತದೆ, ಎಲ್ಲಿ ಬೀಳುತ್ತದೆ ಎಂದು ಗೋಡೆ ಗೋಡೆಗೆ ನಿಂತು ನೋಡುತ್ತಿದ್ದರು.

ಒಂದು ದಿನ ಮಗಳ ಜೋಳಿಗೆಯ ಪಕ್ಕ ಮಣ್ಣಿನಲ್ಲೇ ಅಂಗಾತ ಮಲಗಿಬಿಟ್ಟರು. ಬಿಸಿಲು ಬಡಿದು ಬಿದ್ದರೆಂದು ನಾನು ಬುಟ್ಟಿ ಚೆಲ್ಲಿ ಓಡಿದೆ.

"ಏನಾತ್ರೀ ಸಾಹೇಬ್ರ? ನೀರ್ ತರ್ಲೇನ್ರಿ?"

ಅವರು ಕೈ ಅಲ್ಲಾಡಿಸಿ, "ಬಚ್ಚಾ ಕ್ಯಾ ದೇಖ್ತಾ, ಮೈ ದೇಖ್ತಾ" ಎಂದರು. ಕೂಸಿನ ಕಣ್ಣಿಗೆ ಏನು ಕಾಣುತ್ತದೋ ಅದನ್ನು ತಾವೂ ನೋಡಬೇಕಂತೆ. ಅಷ್ಟು ದೊಡ್ಡ ಮನುಷ್ಯ ಮಗ್ಗಲು ಬದಲಿಸಿ, ಬೋರಲು ಬಿದ್ದು, ಎಲ್ಲ ನೋಡಿ ಎದ್ದು ಅಂಗಿ ಜಾಡಿಸಿಕೊಂಡರು.

ಅದಾದ ಮೇಲೆ ಕಾರ್ಖಾನೆಯ ಒಂದು ಮೂಲೆಗೆ ಕೋಣೆ ಎದ್ದಿತು, ಕೆಲಸಕ್ಕೆ ಬರುವ ಹೆಂಗಸರ ಮಕ್ಕಳಿಗಾಗಿ. ಅದರ ಕಿಟಕಿಗಳು ನನ್ನ ಮೊಣಕಾಲಿನಷ್ಟೇ ಎತ್ತರ. ತೆವಳುವ ಕೂಸಿಗೂ ಹೊರಗಿನ ಬೇವಿನ ಗಿಡ ಕಾಣಬೇಕು. "ಇದೇನ್ ಕುರಿ ದೊಡ್ಡಿ ಏನ!" ಎಂದು ನಗಾಡಿದ ನಮ್ಮವರೇ ಮಗಳನ್ನು ಮೊದಲು ಒಯ್ದು ಅಲ್ಲಿ ಕೂರಿಸಿದರು. ವಾಪಸು ಎತ್ತಿಕೊಂಡರೆ ಅವಳು ಒಲ್ಲೆನೆಂದು ಅತ್ತಳು. ಕಾರ್ಖಾನೆ ಸುರುವಾದರೆ ನನಗೆ ಅಲ್ಲೇ ಕಸ ಗುಡಿಸುವ ಕೆಲಸ, ಮಗಳಿಗೆ ಆ ಕೋಣೆ, ಎಂದು ಸಾಹೇಬರು ಹೇಳಿದ್ದರು. ಕೂಸನ್ನು ಧೂಳಿನಿಂದ ಎತ್ತಿದರೆ ಸಾಕೆಂದು ಅದೊಂದನ್ನೇ ನಂಬಿ ಇಟ್ಟಂಗಿ ಹೊತ್ತೆ.

ಛಾವಣಿಗೆ ತೊಲೆ ಏರಿದ ದಿನ ಅವರ ಕಡೆ ಎಲೆಯ ಚಕ್ರ ಹೆಣೆದು ತೂಗು ಹಾಕುತ್ತಾರಂತೆ, ಮಾಲೀಕ ಕೆಲಸಗಾರರಿಗೆಲ್ಲ ಊಟ ಹಾಕಬೇಕಂತೆ. ಸಾಹೇಬರು ಮಾವಿನೆಲೆ ತಂದು, ಗುಂಡಗೆ ಹೆಣೆದು, ತಾವೇ ತೊಲೆಗೆ ಕಟ್ಟಿದರು. ಕೆಳಗೆ, ನಮ್ಮ ಜೊತೆ ಊರಿಂದ ಬಂದಿದ್ದ ಅತ್ತೆ ಎದೆ ಹಿಡಿದುಕೊಂಡರು.

"ಅಯ್ಯ ನನ್ನಪ್ಪಾ! ಹಿಂಗ ಗುಂಡಗ ಹೆಣಕ್ಕ ಹಾಕ್ತಾರ್ರಿ! ಇಳಸ್ರಿ ಮೊದಲ!"

ನಮ್ಮವರು ಹಿಂದಿಯಲ್ಲಿ ತಿಳಿಸಿದಾಗ ಸಾಹೇಬರ ಮುಖವೆಲ್ಲ ಅವರ ಮೂಗಿನ ಬಣ್ಣಕ್ಕೆ ಬಂತು. ಕೂಡಲೇ ಇಳಿಸಿ, ಬಿಚ್ಚಿ, ಅತ್ತೆಯ ಪಕ್ಕ ನೆಲಕ್ಕೆ ಕೂತು, ಅವರು ಹೇಳಿಕೊಟ್ಟಂತೆ ತೋರಣ ಕಟ್ಟಿದರು. ಎಲೆ ಆರಿಸಿ ಕೊಟ್ಟವಳು ನಾನು.

ಊಟಕ್ಕೆ ಮಾಲೀಕರು ಬಂದರು. ಕೋಣೆಯೊಳಗೆ ಇಣುಕಿ, "ಹಾ ಕಾರಖಾನಾ ಆಹೇ, ಪಾಳಣಾಘರ್ ನಾಹೀ" ಎಂದರು. ಇದು ಕಾರ್ಖಾನೆ, ಕೂಸು ತೂಗುವ ಮನೆಯಲ್ಲ. ಕಿಟಕಿ ಮುಚ್ಚಿಸಿ ಬಣ್ಣದ ಡಬ್ಬಿ ಇಡುವ ಕೋಣೆ ಮಾಡಿರಿ, ಅಷ್ಟೇ. ಸಾಹೇಬರು ಇಂಗ್ಲಿಷಿನಲ್ಲಿ ಬಹಳ ಹೊತ್ತು ಹೇಳಿದರು. ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ, ಕೊನೆಗೆ ನಮ್ಮ ಹಾಗೆ ಕೈ ಜೋಡಿಸಿ... ಮಾಲೀಕರು ಬುಂದಿ ತಿನ್ನುತ್ತಲೇ ಇದ್ದರು. ನಾವು ಅವರು ಹಾಕಿದ ಅನ್ನದ ಮುಂದೆ ಕೂತವರು, ಏನೆಂದು ಬಾಯಿ ಬಿಡುವುದು?

ಮರುದಿನ ನಮ್ಮವರು ಕರಣಿ ಹಿಡಿದು ಕಿಟಕಿಯ ಮುಂದೆ ಕೂತರು. ಕೈ ಏಳಲಿಲ್ಲ. ಸಾಹೇಬರು ಬಂದು ಕರಣಿ ಇಸಿದುಕೊಂಡರು.

"ಮೈ ಖೋಲಾ. ಮೈ ಬಂದ್ ಕರ್ತಾ."

ತೆರೆದವನು ನಾನು, ಮುಚ್ಚುವವನೂ ನಾನೇ. ನಾನು ಇಟ್ಟಂಗಿ ಕೊಡುತ್ತ ಹೋದೆ, ಅವರು ಇಡುತ್ತ ಹೋದರು. ಬೇಡದ ಗೋಡೆಯನ್ನೂ ದಾರ ಹಿಡಿದಂತೆ ನೆಟ್ಟಗೆ ಕಟ್ಟಿದರು. ಮೇಲಿನ ಸಾಲಿಗೆ ಬಂದಾಗ ಬೇವಿನ ಒಂದು ರೆಂಬೆ ಮಾತ್ರ ಕಾಣುತ್ತಿತ್ತು. ಆಮೇಲೆ ಅದೂ ಇಲ್ಲ.

ಕೆಲವೇ ದಿನಕ್ಕೆ ಅವರು ತಮ್ಮ ದೇಶಕ್ಕೆ ಹೊರಟರು. ಮಗಳ ತಲೆ ಸವರಿ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ನಮಗೆ ತಿಳಿಯಲಿಲ್ಲ. ಆ ಕೋಣೆಯ ಆಸೆ ಮುಗಿದ ಮೇಲೆ ನಾವು ನಾಸಿಕದ ಹತ್ತಿರ ಸಿನ್ನರ್ ಕಡೆ ಬೇರೆ ಕೆಲಸಕ್ಕೆ ಬಂದೆವು. ಅಲ್ಲಿಯೂ ಮಗಳು ಧೂಳಿನಲ್ಲೇ ಬೆಳೆದಳು.

ತೊಟ್ಟಿಲ ಕಾರ್ಯದ ಸಂಜೆ ಮಗಳಿಗೆ ಹೇಳಿದೆ, "ಆ ಸಾಹೇಬ್ರಿಗೆ ಕೂಸಿನ ಫೋಟೋ ಒಂದ್ ಕಳಸವಾ. ಅವರ ಹೆಸರು ನಿಮ್ಮಪ್ಪಗ ಗೊತ್ತದ." ಅವಳು ಅಪ್ಪನನ್ನು ಹೆಸರು ಕೇಳಿ ಮೊಬೈಲಿನಲ್ಲಿ ಹುಡುಕಿದಳು. ಹುಡುಕಿ ಮೊಬೈಲು ನನ್ನ ಕಡೆ ತಿರುಗಿಸಿದಳು.

"ಅವ್ವಾ, ಅವರು ತೀರ್ಕೊಂಡಾರ. ಭಾಳ ದಿನಾತು."

ಅವರು ಕಟ್ಟಿದ್ದೆಲ್ಲ ಅದರಲ್ಲಿತ್ತು. ವಾಚನಾಲಯ, ಮುದುಕರ ಮನೆ, ಶಾಲೆ. ಚಿಕಲಠಾಣಾದ್ದು ಎಲ್ಲೂ ಇರಲಿಲ್ಲ. ಶಾಲೆಯ ಫೋಟೋದಲ್ಲಿ ನೆಲಕ್ಕೆ ಹತ್ತಿದಂಥ ಕಿಟಕಿಗಳು, ಹೊರಗೆ ಬೆಳ್ಳನೆಯ ಹಿಮ, ಒಳಗೆ ಬೋರಲು ಮಲಗಿ ಅದನ್ನು ನೋಡುವ ಮಕ್ಕಳು. ನೋಡಿ ನನಗೆ ಸಮಾಧಾನವಾಯಿತೋ ಸಂಕಟವಾಯಿತೋ, ಇವತ್ತಿಗೂ ಹೇಳಲಾರೆ. ಆ ಮಕ್ಕಳಿಗಾದರೂ ಸಿಕ್ಕಿತಲ್ಲ...

ಕೂಸಿನ ಫೋಟೋ ಯಾರಿಗೂ ಕಳಿಸಲಾಗಲಿಲ್ಲ. ಮಗಳ ಮನೆ ನಾಲ್ಕನೇ ಮಹಡಿಯಲ್ಲಿದೆ, ಕಿಟಕಿ ನನ್ನ ಎದೆಮಟ್ಟ. ಮುಂಜಾನೆ ಕೂಸು ಅತ್ತರೆ ಎತ್ತಿಕೊಂಡು ಅಲ್ಲಿ ನಿಲ್ಲುತ್ತೇನೆ. ನನ್ನ ಬಂಗಾರ ಕಣ್ಣರಳಿಸಿ ಬೆಳಕು ನೋಡುತ್ತದೆ. ಭುಜ ಸೋತು ಕೆಳಗಿಳಿಸಿದರೆ ಮತ್ತೆ ಅಳುತ್ತದೆ. ಸ್ವಲ್ಪ ಉಸಿರು ತಕ್ಕೊಂಡು ಮತ್ತೆ ಎತ್ತುತ್ತೇನೆ.