ಗಿರಣಿಯಕ್ಕನ ಕೈಸನ್ನೆ

ನಮ್ಮ ಅತ್ತೆ ಗುಟ್ಟು ಹೇಳಿದರೆ ಆಚೆ ಬೀದಿಯವರೂ ಹೌದೌದು ಅನ್ನುತ್ತಾರೆ. ತಪ್ಪು ಅವರದಲ್ಲ. ಮದುವೆಯಾಗಿ ಬಂದಾಗಿನಿಂದ ಮೊಣಕಾಲು ಕೈಕೊಡುವವರೆಗೆ ಹಿಟ್ಟಿನ ಗಿರಣಿಯಲ್ಲಿ ನಿಂತವರು ಅವರು. ಬೆಲ್ಟು ತಿರುಗತೊಡಗಿದರೆ ಪಕ್ಕದಲ್ಲೇ ಗುಡುಗಿದರೂ ಕೇಳದ ಜಾಗ ಅದು. ಕಿವಿ ಅರ್ಧ ಅಲ್ಲೇ ಹೋಯಿತು, ಗಂಟಲು ದುಪ್ಪಟ್ಟಾಯಿತು. ಅವರ ಜೊತೆ ಮಾತಾಡುವವರೂ ಕೂಗಲೇಬೇಕಾದ್ದರಿಂದ ನಮ್ಮ ಮನೆಯಲ್ಲಿ ಉಪ್ಪು ಕೇಳುವುದೂ ಊರಿಗೆಲ್ಲ ಡಂಗುರ ಸಾರಿದಂತೆ. ಬೀದಿಯವರು ಅವರನ್ನು ಕರೆಯುವುದೇ ಗಿರಣಿಯಕ್ಕ ಎಂದು.

ಈಗ ಗಿರಣಿ ನನ್ನ ಗಂಡನ ಕೈಗೆ ಬಂದಿದೆ. ಮನೆಯಲ್ಲಿ ಕೂತ ಅತ್ತೆಗೆ ಹೊತ್ತೇ ಹೋಗುತ್ತಿರಲಿಲ್ಲ. ಒಂದು ದಿನ ಯಾರನ್ನೂ ಕೇಳದೆ, ದಿಕ್ಕಿಲ್ಲದ ನಾಯಿಗಳನ್ನು ಸಾಕುವ ಆಶ್ರಯಕ್ಕೆ ಹೋಗಿ ಒಂದನ್ನು ಕರೆತಂದೇಬಿಟ್ಟರು. ಗೋಧಿ ತೌಡಿನ ಬಣ್ಣ, ಒಂದು ಕಿವಿ ಹರಿದಿತ್ತು. ಹೆಸರೂ ತೌಡು ಎಂದೇ ಇಟ್ಟರು.

ಜೊತೆಗೆ ಬಂದಿದ್ದ ಆಶ್ರಯದ ಮೇಡಂ ಬಾಗಿಲಲ್ಲೇ ನಿಂತು ಹೇಳಿದರು: "ಹಿಂದಿನ ಮನೇಲಿ ತುಂಬಾ ಏಟು ತಿಂದಿದೆ ಇದು. ಒಂದು ಮೂಲೆ ಕೊಡಿ, ಮೈಮೇಲೆ ಬೀಳ್ಬೇಡಿ, ತಾನಾಗೇ ಬರ್ಲಿ. ಶನಿವಾರ ಬಂದು ನೋಡ್ತೀನಿ. ಆಗ್ಲೂ ನಿಮ್ಮ ಹತ್ರ ಬರದೇ ಇದ್ರೆ ಬೇರೆ ಮನೆ ಹುಡುಕ್ತೀನಿ, ಬೇಜಾರು ಮಾಡ್ಕೋಬೇಡಿ."

ಅತ್ತೆಗೆ ಅರ್ಧ ಕೇಳಿಸಲಿಲ್ಲ. ಶನಿವಾರ ಅನ್ನುವುದು ಮಾತ್ರ ಚೆನ್ನಾಗಿ ಕೇಳಿಸಿತು.

ತೌಡು ನೇರ ಮಂಚದ ಕೆಳಗೆ ಸೇರಿತು. ಅತ್ತೆ ಬಗ್ಗಿ, "ಬಾರೋ ನನ್ನ ಕಂದಾ" ಎಂದರು. ಪ್ರೀತಿಯೇನೋ ಬೆಣ್ಣೆಯಂಥದ್ದೇ, ದನಿಗೆ ಮಾತ್ರ ಕಿಟಕಿ ಅದುರಿತು. ನಾಯಿ ಗೋಡೆಗೆ ಅಂಟಿಕೊಂಡಿತು. ಬರಲಿಲ್ಲವೆಂದು ಇನ್ನೂ ಜೋರಾಗಿ ಕರೆದರು. ಆಗಷ್ಟೇ ಗಿರಣಿಯಿಂದ ಬಂದ ನನ್ನ ಗಂಡ, "ಅಮ್ಮಾ, ಕೂಗ್ಬೇಡ" ಎಂದು ಅದಕ್ಕಿಂತ ಜೋರಾಗಿ ಕೂಗಿದರು. ನಾಯಿ ನಡುಗುತ್ತಾ ಅಲ್ಲೇ ಉಚ್ಚೆ ಹೊಯ್ದಿತು. ಒರೆಸಿದವಳು ನಾನು. ಈ ಮನೆಯಲ್ಲಿ ಅಂಥ ಕೆಲಸಕ್ಕೆ ಇನ್ಯಾರಿದ್ದಾರೆ?

ಗುರುವಾರ ಅತ್ತೆ ಅಂಗಡಿಗೆ ಹೋಗಿದ್ದರು. ನಾನು ಸುಮ್ಮನೆ ಬಟಾಣಿ ಸುಲಿಯುತ್ತಾ ಕೂತಿದ್ದೆ. ತೌಡು ಹೊರಗೆ ಬಂದು ನನ್ನ ಪಕ್ಕದಲ್ಲೇ ಇದ್ದ ತನ್ನ ಅನ್ನದ ಬಟ್ಟಲಿಗೆ ಬಾಯಿ ಹಾಕಿತು. ಅಷ್ಟರಲ್ಲಿ ಅತ್ತೆ ಬಂದರು, ಅದು ಮತ್ತೆ ಮಂಚದಡಿ. ಅತ್ತೆಯ ಮುಖ ಸಣ್ಣಗಾಯಿತು.

"ಬೇಯಿಸಿ ಹಾಕೋಳು ನಾನು, ತಿನ್ನೋದು ನಿನ್ನ ಹತ್ರ. ನಾನೇನು ಮಾಡಿದ್ನೇ ಅದಕ್ಕೆ?"

ನಾನು ಎಷ್ಟೋ ಮಾತು ನುಂಗಿಕೊಂಡವಳು, ಇದನ್ನೂ ನುಂಗಬಹುದಿತ್ತು. ಆದರೆ ಶನಿವಾರ ಹತ್ತಿರದಲ್ಲಿತ್ತು. ಅವರ ಕಿವಿಯ ಬಳಿ ಹೋಗಿ ಹೇಳಿದೆ:

"ನಿಮ್ಮ ದನಿಗೆ ಹೆದರತ್ತೆ ಅತ್ತೆ. ಬೈತಿದ್ದೀರಿ ಅನ್ಕೊಂಡಿದೆ."

"ನಾನೆಲ್ಲಿ ಬೈದೆ? ಮುದ್ದು ಮಾಡ್ತಿದ್ದೆ."

"ಅದು ಅದಕ್ಕೆ ಗೊತ್ತಾಗಲ್ಲ. ನಂಗೂ ಗೊತ್ತಾಗ್ತಿರ್ಲಿಲ್ಲ."

"ಅಂದ್ರೆ?"

"ಮದುವೆಯಾದ ಹೊಸದ್ರಲ್ಲಿ ನೀವು ಊಟಕ್ಕೆ ಬಾರೇ ಅಂತ ಕರೆದ್ರೆ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ."

ಅತ್ತೆ ನನ್ನನ್ನೇ ನೋಡುತ್ತಾ ಅಂಗಡಿಯ ಚೀಲವನ್ನು ಮೆಲ್ಲಗೆ ಕೆಳಗಿಟ್ಟರು. ಅವರು ಏನನ್ನಾದರೂ ಸದ್ದಾಗದಂತೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೇಳಬಾರದಿತ್ತೇನೋ ಎಂದು ಸಂಕಟವಾಯಿತು. ಹಗುರವೂ ಆಯಿತು, ಸುಳ್ಳೇಕೆ ಹೇಳಲಿ.

ಮರುದಿನ ಬೆಳಗ್ಗೆ ಮಂಚದ ಮುಂದೆ ಕೂತು ಪಿಸುಗುಟ್ಟಿ ನೋಡಿದರು. ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ, "ಏನಕ್ಕಾ, ಕರೆದ್ರಾ?" ಎಂದರು. ತನ್ನ ದನಿ ತನಗೇ ಕೇಳದವರು ಅಳತೆ ಹಿಡಿಯುವುದಾದರೂ ಹೇಗೆ? ಅತ್ತೆ ತುಟಿ ಬಿಗಿದುಕೊಂಡು ಮಂಚಕ್ಕೆ ಬೆನ್ನು ಮಾಡಿ ಕೂತರು. ಸ್ವಲ್ಪ ಹೊತ್ತಿಗೆ ಅವರ ಕೈ ಆಡತೊಡಗಿತು.

ಗಿರಣಿಯಲ್ಲಿ ಎಲ್ಲವೂ ಕೈಸನ್ನೆಯಲ್ಲೇ. ಹೆಬ್ಬೆರಳಿಗೆ ತೋರುಬೆರಳು ಉಜ್ಜಿದರೆ ನುಣ್ಣಗೆ ಬೀಸಬೇಕು, ಮುಷ್ಟಿ ಹಿಡಿದರೆ ತರಿ. ಅಂಗೈ ಕೆಳಗೆ ಮಾಡಿ ಬೆರಳನ್ನು ಎರಡು ಸಲ ತನ್ನ ಕಡೆಗೆ ಮಡಚಿದರೆ, ಇನ್ನು ನಿಮ್ಮ ಸರದಿ, ಬನ್ನಿ ಎಂದರ್ಥ. ಆ ಕೊನೆಯದನ್ನೇ ಅತ್ತೆ ಮಾಡುತ್ತಿದ್ದರು, ಮಂಚದ ಕಡೆ ನೋಡದೆ, ಕೈಯನ್ನು ನೆಲದ ಹತ್ತಿರ ಇಳಿಬಿಟ್ಟು. ಮಾಡುವರು, ಬಿಡುವರು, ಮತ್ತೆ ಮಾಡುವರು. ಮೊದಲು ಮೂಗು ಕಂಡಿತು. ಆಮೇಲೆ ಮುಂಗಾಲು. ಸಂಜೆ ದೀಪ ಹಾಕುವ ಹೊತ್ತಿಗೆ ತೌಡು ಬಂದು ಅವರ ಅಂಗೈಗೆ ಮೂತಿ ಇಟ್ಟಿತು. ಅತ್ತೆಯ ಕಣ್ಣು ತುಂಬಿತು, ಆದರೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವರಿಗೆ ಗೊತ್ತಾಗಿತ್ತು.

ಶನಿವಾರ ಮೇಡಂ ಬಂದು, "ಕರೀರಿ ನೋಡೋಣ" ಎಂದರು. ಅತ್ತೆ ಸನ್ನೆ ಮಾಡಿದರು. ತೌಡು ಬಂದು ಅವರ ಕಾಲಿಗೆ ಒರಗಿ ಕೂತಿತು.

"ಪರವಾಗಿಲ್ವೇ. ಇದನ್ನ ಯಾರು ಕಲಿಸಿದ್ದು?"

"ಗಿರಣಿ" ಎಂದರು ಅತ್ತೆ, ಹೆಮ್ಮೆಯಲ್ಲಿ ಮೈಮರೆತು ಪೂರಾ ಗಂಟಲಲ್ಲಿ. ತೌಡು ಮತ್ತೆ ಮಂಚದಡಿ. ನಾವೆಲ್ಲ ನಗುತ್ತಿರುವಾಗಲೇ ಅತ್ತೆ ಕೈ ಇಳಿಬಿಟ್ಟರು. ಅದು ಅನುಮಾನಿಸುತ್ತಾ ಹೊರಬಂದಿತು. ಮೇಡಂ, "ಇನ್ನು ಇದು ನಿಮ್ದೇ" ಎಂದು ಹೇಳಿ ಹೋದರು.

ಮಧ್ಯಾಹ್ನ ನಾನು ಪಾತ್ರೆ ತೊಳೆಯುತ್ತಿದ್ದೆ. ಊಟದ ಹೊತ್ತು ಮೀರಿದರೂ ಅತ್ತೆಯ ಕೂಗು ಬರಲಿಲ್ಲ. ಏನಾಯಿತೋ ಎಂದು ತಿರುಗಿದೆ. ಅತ್ತೆ ತಮ್ಮ ಪಕ್ಕದಲ್ಲಿ ನನ್ನ ತಟ್ಟೆಗೂ ಬಡಿಸಿಟ್ಟುಕೊಂಡು, ಕಾಲ ಬಳಿ ತೌಡನ್ನು ಕೂರಿಸಿಕೊಂಡು, ನಾನು ತಿರುಗುವುದನ್ನೇ ಕಾಯುತ್ತಿದ್ದರು. ಅಂಗೈ ಕೆಳಗೆ ಮಾಡಿ ಬೆರಳನ್ನು ಎರಡು ಸಲ ಮಡಚಿದರು.

ಕೈ ತೊಳೆಯಲು ನಲ್ಲಿ ತಿರುಗಿಸಿದೆ. ಮುಖವನ್ನೂ ತೊಳೆದುಕೊಳ್ಳಬೇಕಾಯಿತು.